ನಮಗ್ಯಾಕೆ ಭಯ: ಒಡ್ಡನ್‌ಛತ್ರದಿಂದ ಒಂದು ತಜ್ಞ ವರದಿ

ವೈಯಕ್ತಿಕ ಸ್ವಾತಂತ್ರ್ಯಕ್ಕೂ ದೇಶದ ಭದ್ರತೆಗೂ ನಡುವೆ ಸಮತೋಲನ ಇರಬೇಕು ಎನ್ನುವುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಮಂತ್ರಿಗಳು ಹಾಗೆನ್ನುತ್ತಾರೆ, ವಿರೋಧ ಪಕ್ಷದವರು ಹಾಗೆನ್ನುತ್ತಾರೆ, ಟಿವಿಯಲ್ಲಿ ಮೀಸೆ ತಿರುವುತ್ತ ಕೂರುವ ನಿವೃತ್ತ ಸೇನಾಧಿಕಾರಿಗಳೂ ಹಾಗೆನ್ನುತ್ತಾರೆ. ಪಿಯುಸಿ ಚರ್ಚಾಸ್ಪರ್ಧೆಯಲ್ಲಿ ಪರವಾಗಿ ಮಾತಾಡಿದ ಹುಡುಗಿಯೂ ವಿರೋಧವಾಗಿ ಮಾತಾಡಿದ ಹುಡುಗನೂ ಗಂಟೆ ಬಾರಿಸುವ ಹೊತ್ತಿಗೆ ಬಂದು ನಿಲ್ಲುವುದು ಅಲ್ಲಿಯೇ. ಇಷ್ಟೊಂದು ಒಮ್ಮತವಿರುವ ವಿಷಯದಲ್ಲಿ ಇದುವರೆಗೆ ಯಾರೂ ತೂಕ ಹಾಕಿ ನೋಡಿಲ್ಲ ಎಂಬ ಲೋಪ ನನ್ನ ಕಣ್ಣಿಗೆ ಬಿತ್ತು. ನಾನು ಈ ಕ್ಷೇತ್ರದ ತಜ್ಞ. ಯಾವ ಕ್ಷೇತ್ರ ಎಂದು ಕೇಳುವವರು ನನ್ನ ವಿಸಿಟಿಂಗ್ ಕಾರ್ಡಿನ ಹಿಂಬದಿ ನೋಡಬೇಕಾಗಿ ವಿನಂತಿ.

ತೂಕ ಎಂದ ಮೇಲೆ ತೂಗುವವರ ಊರಿಗೇ ಹೋಗಬೇಕು. ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರದ ತರಕಾರಿ ಮಾರುಕಟ್ಟೆ ತಮಿಳುನಾಡಿನ ದೊಡ್ಡ ಮಾರುಕಟ್ಟೆಗಳಲ್ಲೊಂದು. ಚೆನ್ನೈನ ಕೊಯಂಬೇಡಿನ ಹೆಸರು ಹೇಳಿದ ಉಸಿರಿನಲ್ಲೇ ಇದರ ಹೆಸರನ್ನೂ ಹೇಳುತ್ತಾರೆ. ಸುತ್ತಲಿನ ಹಳ್ಳಿಗಳ ನುಗ್ಗೆ, ಬೆಂಡೆ, ಬದನೆ, ಟೊಮೆಟೊ ಇಲ್ಲಿ ಹರಾಜಾಗಿ ಕೇರಳಕ್ಕೆ ಹೋಗುತ್ತವೆ. ಓಣಂ ಹಬ್ಬದ ಎಲೆ ಅಲ್ಲಿ ತುಂಬಬೇಕಾದರೆ ಲಾರಿ ಇಲ್ಲಿ ತುಂಬಬೇಕು. ಇಲ್ಲಿನ ಮಂಡಿಯೊಂದರಲ್ಲಿ ನನ್ನ ಭಾವ ಲೆಕ್ಕ ಬರೆಯುತ್ತಾರೆ. ಅವರದು ಚಿನ್ನಾಳಪಟ್ಟಿಯ ದೇವಾಂಗ ಮನೆತನ. ಮಗ್ಗ ಬಿಟ್ಟು ಮಂಡಿ ಸೇರಿದವರು. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ತಮಿಳು, ಲಾರಿ ಬಾಗಿಲಲ್ಲಿ ಮಲಯಾಳ. ಅವರ ಕನ್ನಡ ನಮ್ಮ ಕಿವಿಗೆ ಮೊದಲ ಅರ್ಧ ಗಂಟೆ ತಮಿಳಿನ ಹಾಗೇ ಕೇಳುತ್ತದೆ. ನನ್ನ ಕನ್ನಡ ಅವರ ಕಿವಿಗೆ ಇಂಗ್ಲಿಷಿನ ಹಾಗೆ ಕೇಳುತ್ತದಂತೆ.

ಬೆಂಗಳೂರಿನವನಿಗೆ ದಿಂಡಿಗಲ್ಲಿನ ಉಸಾಬರಿ ಯಾಕೆ ಎನ್ನುವವರು ಇತಿಹಾಸ ಓದಿಲ್ಲ. 1755ರಲ್ಲಿ ಹೈದರ್ ಅಲಿ ಮೈಸೂರಿನ ಫೌಜುದಾರನಾಗಿ ದಿಂಡಿಗಲ್ ಕೋಟೆಗೆ ಬಂದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಇದನ್ನು ಕಂಪನಿಗೆ ಬರೆದುಕೊಟ್ಟ. ನಡುವಿನ ಅವಧಿಯಲ್ಲಿ ಈ ಸೀಮೆಯ ರಾಷ್ಟ್ರೀಯ ಭದ್ರತೆ ಬಹುಮಟ್ಟಿಗೆ ನಮ್ಮ ಖಾತೆಯಲ್ಲೇ ಇತ್ತು. ಒಡ್ಡನ್‌ಛತ್ರದ ನೆರೆಯ ವಿರೂಪಾಚ್ಚಿಯ ಪಾಳೆಯಗಾರ ಗೋಪಾಲ ನಾಯಕ ಶಿವಗಂಗೆಯ ರಾಣಿ ವೇಲು ನಾಚ್ಚಿಯಾರಳಿಗೆ ಆಶ್ರಯ ಕೊಟ್ಟವನು. 1801ರಲ್ಲಿ ಕಂಪನಿ ಅವನನ್ನು ಗಲ್ಲಿಗೇರಿಸಿತು. ಆಗಿನ ಕಡತದಲ್ಲಿ ಅವನು ಭದ್ರತೆಗೆ ಅಪಾಯ, ಈಗಿನ ಭಾಷಣದಲ್ಲಿ ಸ್ವಾತಂತ್ರ್ಯ ಹೋರಾಟಗಾರ. ಒಂದು ಹೆಸರು ಆ ಕಡತದಿಂದ ಈ ಭಾಷಣಕ್ಕೆ ವರ್ಗವಾಗಲು ಸರಾಸರಿ ಎಷ್ಟು ವರ್ಷ ಬೇಕು ಎಂಬುದರ ಬಗ್ಗೆ ಪ್ರತ್ಯೇಕ ವರದಿ ಸಿದ್ಧಪಡಿಸಬಲ್ಲೆ, ಅನುದಾನ ಬಂದರೆ.

ಇನ್ನು ವಿಧಾನ. ಜನಾಭಿಪ್ರಾಯ ಅಳೆಯುವವರು ದೇಶದಲ್ಲಿ ಇಲ್ಲವೆಂದಲ್ಲ. ಕಾಮನ್ ಕಾಸ್ ಸಂಸ್ಥೆಯೂ ಲೋಕನೀತಿ-ಸಿಎಸ್‌ಡಿಎಸ್‌ನವರೂ ಸೇರಿ 2023ರಲ್ಲಿ ಕಣ್ಗಾವಲು ಮತ್ತು ಖಾಸಗಿತನದ ಮೇಲೇ ಒಂದು ದಪ್ಪ ವರದಿ ತಂದರು. ಅವರು ಮಾಡಿದ ತಪ್ಪೆಂದರೆ ಸಾವಿರಾರು ಜನರನ್ನು ಕೇಳಿದ್ದು. ಅಷ್ಟು ಜನರನ್ನು ಕೇಳಿದರೆ ಅಷ್ಟು ಥರ ಹೇಳುತ್ತಾರೆ, ಸುಮ್ಮನೆ ಗೊಂದಲ. ನಾನು ಮಂಡಿಯ ಬಾಗಿಲಲ್ಲಿ, ಟೀ ಅಂಗಡಿಯಲ್ಲಿ, ರೇಷನ್ ಸಾಲಿನಲ್ಲಿ, ದನದ ಸಂತೆಯಲ್ಲಿ ಸಿಕ್ಕವರನ್ನು ಮಾತ್ರ ಕೇಳಿದೆ. ಭಾವ ದುಭಾಷಿ. ಶೇಕಡಾವಾರು ಅಂಕಿ ಈ ವರದಿಯಲ್ಲಿ ಸಿಗುವುದಿಲ್ಲ. ಅಂಕಿ ಕೊಟ್ಟರೆ ಟಿವಿಯವರು ಅಂಕಿಯನ್ನು ಎತ್ತಿಕೊಂಡು ಹೋಗುತ್ತಾರೆ, ತಜ್ಞರನ್ನು ಕರೆಯುವುದಿಲ್ಲ.

ಪ್ರಶ್ನೆ ಒಂದೇ: "ದೇಶದ ಭದ್ರತೆಗಾಗಿ ನಿಮ್ಮ ಸ್ವಾತಂತ್ರ್ಯದಲ್ಲಿ ಸ್ವಲ್ಪ ಬಿಟ್ಟುಕೊಡುತ್ತೀರಾ?"

ಉತ್ತರವೂ ಒಂದೇ. ಕಮಿಷನ್ ಮಂಡಿಯ ಯಜಮಾನರು, ಟೀ ಅಂಗಡಿಯವನು, ನುಗ್ಗೆಕಾಯಿ ಕಟ್ಟು ತಂದ ರೈತ, ಯಾವುದೋ ಮದುವೆ ಮಾತುಕತೆಗೆ ಕಂಬಂ ಕಣಿವೆಯಿಂದ ಬಂದಿದ್ದ ದ್ರಾಕ್ಷಿ ತೋಟದ ಒಬ್ಬ ಕಾಪ್ಪಿಲಿಯ ಒಕ್ಕಲಿಗರು (ಇವರ ಮನೆಮಾತೂ ಕನ್ನಡ, ಭಾವನ ಸಹಾಯ ಬೇಕಾಗಲಿಲ್ಲ), ಎಲ್ಲರೂ ಹೇಳಿದ್ದು ಇದನ್ನೇ: "ಕೊಡ್ತೀವಿ ಸಾರ್. ನಾವೇನು ತಪ್ಪು ಮಾಡಿದೀವಾ? ನಮಗ್ಯಾಕೆ ಭಯ?"

ಇದಕ್ಕೆ ನಾನು ನಮಗ್ಯಾಕೆಭಯ ಸಿದ್ಧಾಂತ ಎಂದು ಹೆಸರಿಟ್ಟಿದ್ದೇನೆ. ತಪ್ಪು ಮಾಡದವನಿಗೆ ಭಯವಿಲ್ಲ. ಭಯವಿದ್ದವನು ತಪ್ಪು ಮಾಡಿದವನು. ಆದ್ದರಿಂದ ಯಾರಿಗೂ ಭಯವಿಲ್ಲ. ಉತ್ತರ ಬರೆದುಕೊಂಡ ಮೇಲೆ, ನಮೂನೆಯಲ್ಲಿ ಕಾಲಂ ಇದ್ದುದರಿಂದ, ಹೆಸರು ಮತ್ತು ಫೋನ್ ನಂಬರ್ ಕೇಳಿದೆ. "ಅಯ್ಯೋ, ಹೆಸರ್ಯಾಕೆ ಸಾರ್, ಬೇಡ ಬಿಡಿ" ಎಂದರು ಯಜಮಾನರು. ಟೀ ಅಂಗಡಿಯವನು ಹಾಲು ಉಕ್ಕಿತೆಂದು ಒಳಗೆ ಹೋದ. ಒಕ್ಕಲಿಗರು ತಮ್ಮ ಊರಿನ ಹೆಸರು ಹೇಳಿ, ಎರಡು ಹೆಜ್ಜೆ ಹೋದವರು ಹಿಂತಿರುಗಿ ಬಂದು ಊರಿನ ಹೆಸರನ್ನೂ ಹೊಡೆದುಹಾಕಿಸಿದರು. ಈ ಸೀಮೆಯ ಜನ ಪ್ರಚಾರಪ್ರಿಯರಲ್ಲ. ಈ ವರದಿಯಲ್ಲಿ ಸಾಕ್ಷಿಗಳ ಹೆಸರು ಇಲ್ಲದಿರುವುದಕ್ಕೆ ಅವರ ವಿನಯವೇ ಕಾರಣ.

ಸಿದ್ಧಾಂತಕ್ಕೆ ಶಾಸ್ತ್ರಾಧಾರ ಬೇಕಲ್ಲ. ಅದು ನಮ್ಮ ಗಾದೆಯಲ್ಲೇ ಇದೆ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗುಪ್ತಚರ ವಿಜ್ಞಾನಕ್ಕೆ ಕನ್ನಡದ ಕಾಣಿಕೆ ಇದು. ಬೂದುಗುಂಬಳದ ಮೈಮೇಲೆ ಬಿಳಿ ಬೂದಿ ಇರುತ್ತದೆ, ಹೊತ್ತವನ ಹೆಗಲಿಗೆ ಅಂಟುತ್ತದೆ, ಅಪರಾಧಿ ತಾನಾಗಿ ಹೆಗಲು ಒರೆಸಿಕೊಳ್ಳುತ್ತಾನೆ. ಕ್ಯಾಮೆರಾ ಬೇಡ, ಸರ್ವರ್ ಬೇಡ, ಕರೆಂಟು ಹೋದರೂ ನಡೆಯುತ್ತದೆ. ಇಂಥ ಸ್ವದೇಶಿ ವಿಧಾನವನ್ನು ಇದುವರೆಗೆ ಯಾರೂ ಕ್ಷೇತ್ರ ಪರೀಕ್ಷೆಗೆ ಒಡ್ಡಿರಲಿಲ್ಲ.

ನಾನು ಒಡ್ಡಿದೆ. ಬೂದುಗುಂಬಳದ ಟೆಂಪೊ ಬಂದು ನಿಂತಿತ್ತು, ಹಮಾಲಿಗಳು ಇಳಿಸುತ್ತಿದ್ದರು. ಒಬ್ಬೊಬ್ಬರ ಹೆಗಲನ್ನೂ ಪರಿಶೀಲಿಸಿದೆ. ಎಲ್ಲರದೂ ಬೆಳ್ಳಗಿತ್ತು. ಹೆಗಲು ಮಾತ್ರವಲ್ಲ, ಕುತ್ತಿಗೆಯ ಹಿಂಬದಿ, ಕಿವಿಯ ತುದಿ, ತಲೆಗೆ ಸುತ್ತಿದ ತುಂಡು, ಹುಬ್ಬಿನ ಕೂದಲು. ಅಂಗಿ ಬಿಚ್ಚಿಟ್ಟವರ ಬೆನ್ನ ಮೇಲೆ ಬೂದಿಯ ನಡುವೆ ಬೆವರು ಇಳಿದು ಕಪ್ಪು ಗೆರೆಗಳಾಗಿದ್ದವು. ಗಾದೆಯ ಲೆಕ್ಕದಲ್ಲಿ ಅಲ್ಲಿದ್ದವರೆಲ್ಲ ಕಳ್ಳರು. ಕುಂಬಳದ ವ್ಯಾಪಾರದಲ್ಲಿ ಅತಿ ಹೆಚ್ಚು ಲಾಭ ಮಾಡುವವರ ಹೆಗಲನ್ನೂ ನೋಡಬೇಕೆಂದು ಮಂಡಿಯೊಳಗೆ ಇಣುಕಿದೆ. ಯಜಮಾನರು ಇಸ್ತ್ರಿಯ ಬಿಳಿ ಅಂಗಿಯಲ್ಲಿ ಕೂತಿದ್ದರು. ಬಿಳಿ ಅಂಗಿಯ ಮೇಲೆ ಬೂದಿ ಬಿದ್ದರೂ ಕಾಣುವುದಿಲ್ಲ. ವ್ಯವಸ್ಥೆಯಲ್ಲಿ ಹೊರುವವರೆಲ್ಲ ಸಂಶಯಾಸ್ಪದರಾಗಿಯೂ ಕೂತವರೆಲ್ಲ ನಿರ್ದೋಷಿಗಳಾಗಿಯೂ ಕಾಣುವುದು ಸಣ್ಣ ತಾಂತ್ರಿಕ ದೋಷ. ಮುಂದಿನ ಆವೃತ್ತಿಯಲ್ಲಿ ಸರಿಪಡಿಸಬಹುದು.

ಅದೇ ಮಂಡಿಯಲ್ಲಿ ಕ್ಯಾಮೆರಾವೂ ಇತ್ತು. ತಮಿಳುನಾಡಿನ ಪೊಲೀಸರು ಸಿಸಿಟಿವಿಗೆ ಮೂರನೇ ಕಣ್ಣು ಎಂದು ಹೆಸರಿಟ್ಟು ಅಂಗಡಿ, ಮನೆ, ಬೀದಿಗಳಲ್ಲೆಲ್ಲ ಹಾಕಿಸಿಕೊಳ್ಳಿ ಎಂದು ಪ್ರಚಾರ ಮಾಡಿದ್ದಾರೆ. ಶಿವನಿಗೆ ಅದನ್ನು ತೆರೆಯಲು ಕಾರಣ ಬೇಕಿತ್ತು, ಇದು ಸದಾ ತೆರೆದೇ ಇರುತ್ತದೆ. ಮಂಡಿಯ ಕಣ್ಣು ಹಮಾಲಿಗಳು ಇಳಿಸುವ ಜಾಗವನ್ನೇ ನೋಡುತ್ತಿತ್ತು. ತೂಕದ ಯಂತ್ರದ ಕಡೆ ಯಾಕೆ ತಿರುಗಿಸಿಲ್ಲ ಎಂದು ಕೇಳಿದೆ. "ಅದ್ಯಾಕೆ ಸಾರ್," ಎಂದರು ಯಜಮಾನರು, "ತಕ್ಕಡಿ ಏನು ಎದ್ದು ಓಡಿಹೋಗುತ್ತಾ?" ವೈಜ್ಞಾನಿಕವಾದ ಉತ್ತರ. ಬರೆದುಕೊಂಡೆ. ಪಕ್ಕದಲ್ಲಿದ್ದ ನುಗ್ಗೆಕಾಯಿ ರೈತ ಏನೋ ಹೇಳಲು ಬಾಯಿ ತೆರೆದು, ಕ್ಯಾಮೆರಾ ನೋಡಿ, ಮುಚ್ಚಿದರು.

ನಮಗ್ಯಾಕೆಭಯ ಸಿದ್ಧಾಂತವನ್ನು ಸ್ವಂತ ಮೈಮೇಲೆ ಪ್ರಯೋಗಿಸಿಕೊಂಡ ಸಂಸದರೂ ಈ ಸೀಮೆಯ ಚರಿತ್ರೆಯಲ್ಲಿದ್ದಾರೆ. 2002ರ ಮಾರ್ಚ್‌ನಲ್ಲಿ ಸಂಸತ್ತಿನ ಜಂಟಿ ಅಧಿವೇಶನ ಭಯೋತ್ಪಾದನೆ ತಡೆಯುವ ಪೋಟಾ ಕಾಯ್ದೆಯನ್ನು ಅಂಗೀಕರಿಸಿತು. ಆಗ ಕೇಂದ್ರದ ಆಳುವ ಮೈತ್ರಿಕೂಟದಲ್ಲಿದ್ದ ಎಂಡಿಎಂಕೆ ನಾಯಕ ವೈಕೋ ಅದನ್ನು ಬೆಂಬಲಿಸಿದ್ದರು. ಜೂನ್ 29ರಂದು ಮದುರೈ ಬಳಿಯ ತಿರುಮಂಗಲಂನಲ್ಲಿ ನಿಷೇಧಿತ ಎಲ್‌ಟಿಟಿಇ ಪರವಾಗಿ ಒಂದು ಭಾಷಣ ಮಾಡಿದರು. ಜುಲೈ 11ರಂದು ಅದೇ ಪೋಟಾದಲ್ಲಿ ಬಂಧನ. ವೆಲ್ಲೂರು ಜೈಲಿನಲ್ಲಿ ಸುಮಾರು 19 ತಿಂಗಳು. ಕಾಯ್ದೆ ಪಾಸಾದ ದಿನದಿಂದ ಬಂಧನದ ದಿನಕ್ಕೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಬೆಂಡೆ ಬಿತ್ತಿ, ಕೊಯ್ದು, ಗಿಡ ಕೀಳುವಷ್ಟು ಸಮಯ. ಕಾಯ್ದೆ ಬೇರೆಯವರಿಗೆ ಎಂದುಕೊಂಡು ಬೆಂಬಲಿಸುವವರಿಗೆ ಇಷ್ಟು ಬೇಗ ಫಲಿತಾಂಶ ಸಿಕ್ಕ ಉದಾಹರಣೆ ತಜ್ಞ ವಲಯದಲ್ಲಿ ವಿರಳ. ಬಹಳ ಸಲ ತಲೆಮಾರುಗಳೇ ಬೇಕಾಗುತ್ತವೆ.

ಈಗ ಬೆರಳಿಗೆ ಬರೋಣ, ವರದಿಯ ಮುಖ್ಯ ಭಾಗ ಅದು. ಬೆರಳಚ್ಚಿನ ಮೇಲಿನ ಆಡಳಿತ ಭಾರತದ ಮಣ್ಣಿನಲ್ಲೇ ಬೆಳೆದು ವಿದೇಶಕ್ಕೆ ಹೋದ ಬೆಳೆ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸುವ ಗುತ್ತಿಗೆದಾರನೊಬ್ಬ ನಾಳೆ ಮಾತು ತಪ್ಪಬಾರದೆಂದು ಕರಾರಿನ ಮೇಲೆ ಅವನ ಇಡೀ ಅಂಗೈಯ ಮುದ್ರೆ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ತೆರೆಯಿತು. ಬೆರಳಚ್ಚನ್ನು ವಿಂಗಡಿಸುವ ಲೆಕ್ಕ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಅದಕ್ಕೆ ಹೆಸರು ಬಂದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. ಇದರಲ್ಲಿ ಹೊಸತೇನೂ ಇಲ್ಲ, ಯಾವ ಆಫೀಸಿನಲ್ಲೂ ಹಾಗೇ.

ಬೆರಳನ್ನು ನೋಂದಾಯಿಸುವ ವಿದ್ಯೆ ಕೈಗೆ ಬಂದ ಮೇಲೆ ಯಾರ ಬೆರಳು ಎಂಬ ಪ್ರಶ್ನೆ. ಉತ್ತರ ಸಿದ್ಧವಿತ್ತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ಪರಿಷ್ಕಾರವಾಗಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ತಪ್ಪು ಮಾಡಿದವನನ್ನು ಹುಡುಕುವುದು ಖರ್ಚಿನ ಬಾಬ್ತು, ಆದ್ದರಿಂದ ಹುಟ್ಟಿದವರನ್ನೆಲ್ಲ ಬರೆದಿಟ್ಟುಕೊಳ್ಳುವುದು ಎಂಬುದು ಅದರ ತತ್ವ. ಮದುರೈ ಸೀಮೆಯಿಂದ ಕಂಬಂ ಕಣಿವೆಯವರೆಗೆ ಪಿರಮಲೈ ಕಳ್ಳರ್ ಸಮುದಾಯದ ಗಂಡಸರು ಬೆರಳಚ್ಚು ಕೊಡಬೇಕು, ರಾತ್ರಿ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ರಹದಾರಿ ಚೀಟಿ ಪಡೆಯಬೇಕು. ಜನರ ಬಾಯಲ್ಲಿ ಅದು 'ರೇಗೈ ಸಟ್ಟಂ' ಆಯಿತು, ಬೆರಳ ರೇಖೆಯ ಕಾಯ್ದೆ. ನಮ್ಮ ಕಡೆಯೂ ಹಿಂದೆ ಬಿದ್ದಿರಲಿಲ್ಲ. ಹುಬ್ಬಳ್ಳಿಯಲ್ಲಿ, ಗದಗದಲ್ಲಿ, ವಿಜಯಪುರದಲ್ಲಿ ಬೇಲಿ ಹಾಕಿ ಜನರನ್ನು ಕೂಡಿಟ್ಟ ಜಾಗಗಳಿಗೆ ಸೆಟ್ಲಮೆಂಟ್ ಎಂದರು. ಹುಬ್ಬಳ್ಳಿಯಲ್ಲಿ ಈಗಲೂ ಆಟೊದವರಿಗೆ ಸೆಟ್ಲಮೆಂಟ್ ಎಂದರೆ ಸಾಕು, ನೆಟ್ಟಗೆ ಅಲ್ಲಿಗೇ ಬಿಡುತ್ತಾರೆ.

1920ರ ಏಪ್ರಿಲ್ 3ರಂದು ಉಸಿಲಂಪಟ್ಟಿ ಸೀಮೆಯ ಪೆರುಂಗಾಮನಲ್ಲೂರಿನವರು ಬೆರಳು ಕೊಡುವುದಿಲ್ಲ ಎಂದರು. ಪೊಲೀಸರು ಗುಂಡು ಹಾರಿಸಿದರು. 16 ಮಂದಿ ಸತ್ತರು. ಅವರಲ್ಲಿ ಒಬ್ಬಳು ಹೆಂಗಸು, ಮಾಯಕ್ಕಾಳ್.

ಆಗ ಜನಾಭಿಪ್ರಾಯ ಸಮೀಕ್ಷೆ ಯಾರೂ ಮಾಡಿದಂತಿಲ್ಲ. ಮಾಡಿದ್ದರೆ ಸುತ್ತಲಿನ ಊರುಗಳ, ಪಟ್ಟಿಯಲ್ಲಿ ಹೆಸರಿಲ್ಲದ ಮಂದಿ ಏನು ಹೇಳುತ್ತಿದ್ದರು ಎಂಬುದನ್ನು ನನ್ನ ಸಿದ್ಧಾಂತದಿಂದ ನಿಖರವಾಗಿ ಊಹಿಸಬಹುದು. 1947ರಲ್ಲಿ ಮದ್ರಾಸ್ ಸರ್ಕಾರ ಆ ಕಾಯ್ದೆಯನ್ನು ರದ್ದು ಮಾಡಿತು. 1948ರಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ತಂದಿತು. ಸರ್ಕಾರಿ ಕುರ್ಚಿ ಬಹಳ ದಿನ ಖಾಲಿ ಇರಬಾರದು.

ಇಷ್ಟು ಹಿನ್ನೆಲೆಯೊಂದಿಗೆ ರೇಷನ್ ಸಾಲಿನಲ್ಲಿ ನಿಂತೆ. ನನ್ನ ಮುಂದಿದ್ದ ಹಮಾಲಿ, ಐವತ್ತು ದಾಟಿದವರು, ಯಂತ್ರದ ಮೇಲೆ ಹೆಬ್ಬೆರಳು ಇಟ್ಟರು. ಕೀ ಎಂದಿತು, ಒಪ್ಪಲಿಲ್ಲ. ಲುಂಗಿಗೆ ಒರೆಸಿ ಇಟ್ಟರು. ಒಪ್ಪಲಿಲ್ಲ. ತೋರುಬೆರಳು, ನಡುಬೆರಳು, ಕೈ ಬದಲಿಸಿ ಎಡ ಹೆಬ್ಬೆರಳು. ಅಂಗಡಿಯ ಹುಡುಗ ಒದ್ದೆ ಬಟ್ಟೆ ಕೊಟ್ಟ, ಆಮೇಲೆ ಅವರ ಬೆರಳನ್ನು ತಾನೇ ಹಿಡಿದು ಒತ್ತಿದ. ನಾನು ಬಗ್ಗಿ ನೋಡಿದೆ. ಚೀಲ ಎಳೆದು ಎಳೆದು ಬೆರಳ ತುದಿ ನಯವಾಗಿ ಹೊಳೆಯುತ್ತಿತ್ತು, ರೇಖೆ ಎಂಬುದರ ಸುಳಿವಿಲ್ಲ. 1920ರಲ್ಲಿ ಬೆರಳು ಕೊಡೆವು ಎಂದ ಜನಕ್ಕೆ ಸರ್ಕಾರ ಕೊಡಲೇಬೇಕು ಎಂದಿತ್ತು. ಇವರು ತೆಗೆದುಕೋ ಎಂದು ಹತ್ತೂ ಬೆರಳು ಮುಂದಿಟ್ಟರೆ, ನೀನು ಯಾರೋ ಗೊತ್ತಿಲ್ಲ ಎನ್ನುತ್ತಿದೆ. ಒಂದು ಶತಮಾನದಲ್ಲಿ ಸಾಧಿಸಿದ ಸಮತೋಲನ ಇದು. ಭದ್ರತೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದೆ. "ಅಕ್ಕಿ ಬಂದ್ರೆ ಸಾಕು ಸಾರ್" ಎಂದರು. ತಟಸ್ಥ ಎಂದು ಬರೆದುಕೊಂಡೆ.

ಬೆರಳಿನ ಹಕ್ಕಿಗಾಗಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದರು. ಆಧಾರ್ ಕಟ್ಟಿದ ನಂದನ್ ನಿಲೇಕಣಿಯವರೂ ಬೆಂಗಳೂರಿನವರು, ಎರಡೂ ಕಡೆ ಕನ್ನಡ ನಾಡಿನ ಸರಕೇ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2018ರ ಸೆಪ್ಟೆಂಬರ್ 26ರಂದು ನಾಲ್ಕಕ್ಕೆ ಒಂದರ ಬಹುಮತದಲ್ಲಿ ಆಧಾರ್ ಊರ್ಜಿತವಾಯಿತು. ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್ಮಿಗೂ ಕಡ್ಡಾಯ ಮಾಡುವಂತಿಲ್ಲ, ಸರ್ಕಾರದ ಸವಲತ್ತಿಗೆ ಮಾಡಬಹುದು. ಅಂದರೆ ಸಿಮ್ ಕೊಳ್ಳುವವನ ಬೆರಳು ಖಾಸಗಿ, ಅಕ್ಕಿ ಕೊಳ್ಳುವವನದು ಸಾರ್ವಜನಿಕ. ತೂಕ ಸರಿಯಾಗಿದೆ.

ಆ ವಿಚಾರಣೆಯಲ್ಲೇ ಕೇಂದ್ರದ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್, ಆಧಾರ್ ದತ್ತಾಂಶ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಗಳ ಹಿಂದೆ ಸುರಕ್ಷಿತವಾಗಿದೆ ಎಂದು ನ್ಯಾಯಾಲಯಕ್ಕೆ ತಿಳಿಸಿದರು. ಬಹಳ ಸಮಾಧಾನದ ಮಾತು. ದಿಂಡಿಗಲ್ ಬೆಟ್ಟದ ಕೋಟೆ ನೋಡಿದವರಿಗೆ ದಪ್ಪ ಗೋಡೆಯ ಮೇಲೆ ಭಕ್ತಿ ತಾನಾಗಿ ಬರುತ್ತದೆ. ಆ ಕೋಟೆ ನಾಯಕರಿಂದ ಮೈಸೂರಿಗೆ, ಮೈಸೂರಿನಿಂದ ಕಂಪನಿಗೆ ಕೈ ಬದಲಾಯಿಸಿದರೂ ಗೋಡೆ ಮಾತ್ರ ಅಲ್ಲಾಡಿಲ್ಲ. ಈ ಮಾತನ್ನು ಭಾವನಿಗೆ ಹೇಳಿದೆ. ಅವರು ಚೀಟಿ ಬರೆಯುವುದನ್ನು ನಿಲ್ಲಿಸದೆ, "ಗೋಡೆ ಇರಲಪ್ಪಾ, ಬೀಗದ ಕೈ ಯಾರ ಹತ್ರ?" ಎಂದರು. ಲೆಕ್ಕ ಬರೆಯುವವರಿಗೆ ವಾಸ್ತುಶಿಲ್ಪ ಅರ್ಥವಾಗುವುದಿಲ್ಲ.

ಫೋನಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟರು. ಆಗ ಊರಿಗೆ ನಾಲ್ಕು ಫೋನು. 2019ರಲ್ಲಿ ಕರ್ನಾಟಕದಲ್ಲಿ ಮತ್ತೆ ಅದೇ ಆರೋಪ ಎದ್ದಾಗ ಪ್ರಕರಣ ಸಿಬಿಐಗೆ ಹೋಯಿತು, ಆ ಕಾರಣಕ್ಕೆ ಯಾರ ಕುರ್ಚಿಯೂ ಹೋಗಲಿಲ್ಲ. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಫೋನು ಬಂದಿತ್ತು. ಸರಕು ಹೆಚ್ಚಾದರೆ ದರ ಇಳಿಯುತ್ತದೆ ಎಂಬುದು ಟೊಮೆಟೊದಲ್ಲಿ ಮಾತ್ರ ನಿಜವೆಂದು ನಾವು ತಿಳಿದಿದ್ದೆವು. 2021ರಲ್ಲಿ ಪೆಗಾಸಸ್ ಎಂಬ ಬೇಹು ತಂತ್ರಾಂಶದ ಗಲಾಟೆಯಾದಾಗ, ಭದ್ರತೆ ಎಂದು ಹೇಳಿದ ಮಾತ್ರಕ್ಕೆ ಸರ್ಕಾರಕ್ಕೆ ಪ್ರತಿಸಲವೂ ವಿನಾಯಿತಿ ಸಿಗದು ಎಂದ ಸುಪ್ರೀಂ ಕೋರ್ಟು, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ಸಮಿತಿ ಮಾಡಿತು. ಸಮಿತಿ 29 ಫೋನು ಪರೀಕ್ಷಿಸಿ, 5ರಲ್ಲಿ ಯಾವುದೋ ಕುತಂತ್ರಾಂಶ ಇದೆ, ಅದು ಪೆಗಾಸಸ್ಸೇ ಎನ್ನಲಾಗದು ಎಂದಿತು. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದೂ ಹೇಳಿತು. ಅದರಲ್ಲಿ ತಪ್ಪೇನಿದೆ? ಸರ್ಕಾರಕ್ಕೂ ಖಾಸಗಿ ಬದುಕು ಇರುತ್ತದೆ.

ಸ್ವಾತಂತ್ರ್ಯ ಪೂರ್ತಿ ಇಲ್ಲವಾಯಿತು ಎಂದು ಗೊಣಗುವವರಿಗಾಗಿ ಒಂದು ಸಮಾಧಾನದ ಅಂಶ ಕೇರಳದ ಲಾರಿ ಚಾಲಕರೊಬ್ಬರಿಂದ ಸಿಕ್ಕಿತು. 2020ರ ಲಾಕ್‌ಡೌನಿನಲ್ಲಿ ತಮಿಳುನಾಡಿನೊಳಗೆ ಜಿಲ್ಲೆಯಿಂದ ಜಿಲ್ಲೆಗೆ ಹೋಗಲು ಮನುಷ್ಯನಿಗೆ ಇ-ಪಾಸ್ ಬೇಕಿತ್ತು. ಆಗಸ್ಟ್ ಮುಗಿಯುವವರೆಗೂ ಹಾಗೇ ನಡೆಯಿತು. ತರಕಾರಿ ಲಾರಿಗೆ ತಡೆಯಿಲ್ಲ. ದೇಶದಾದ್ಯಂತ ಮುಕ್ತವಾಗಿ ಸಂಚರಿಸುವ ಸಂವಿಧಾನದ ಹಕ್ಕನ್ನು ಆ ತಿಂಗಳುಗಳಲ್ಲಿ ಬದನೆಕಾಯಿ ಪೂರ್ಣವಾಗಿ ಅನುಭವಿಸಿತು. "ಮಾವ ತೀರಿಕೊಂಡಾಗ ಪಾಸ್ ಸಿಗಲಿಲ್ಲ ಸಾರ್," ಎಂದರು ಚಾಲಕರು, "ಆ ಕಡೆ ಹೋಗೋ ಲೋಡು ಹುಡುಕಿಕೊಂಡು ಹೋದೆ." ಅಂತ್ಯಕ್ರಿಯೆಗೆ ಅವರು ಟೊಮೆಟೊದ ಜೊತೆಗಾರನಾಗಿ ಹೋಗಿದ್ದರು.

ದನದ ಸಂತೆಗೆ ಹೋದದ್ದು ಭಾವನ ಒತ್ತಾಯಕ್ಕೆ. ಅಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವರ ಪರವಾಗಿ ಒಬ್ಬ, ಮಾರುವವರ ಪರವಾಗಿ ಒಬ್ಬ ದಲ್ಲಾಳಿ ಎದುರುಬದುರು ನಿಂತು ಕೈಗೆ ಕೈ ಕೊಟ್ಟು ಮೇಲೆ ಒಂದು ಟವೆಲ್ ಹಾಕಿಕೊಳ್ಳುತ್ತಾರೆ. ಆಮೇಲೆ ಟವೆಲ್ ಒಳಗೆ ಬೆರಳುಗಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಒಂದು ಸಾವಿರವೂ ಇರಬಹುದು, ಹತ್ತು ಸಾವಿರವೂ ಇರಬಹುದು. ಹಸುವಿನ ಮುಖ ನೋಡಿ ತಿಳಿಯಬೇಕು. ಮುಖಗಳಲ್ಲಿ ಏನೂ ಕಾಣುವುದಿಲ್ಲ. ಒಬ್ಬರು ಎಲೆ ಅಡಿಕೆ ಜಗಿಯುತ್ತ ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ನನ್ನ ಚಪ್ಪಲಿ ನೋಡುತ್ತಿದ್ದರು. ಟವೆಲ್ ಮಾತ್ರ ಒಳಗೆ ಇಲಿ ಹೊಕ್ಕಂತೆ ಆಗೀಗ ಅಲುಗುತ್ತಿತ್ತು. ಒಮ್ಮೆ ಒಬ್ಬರು ಕೈ ಕಿತ್ತುಕೊಂಡು ಹತ್ತು ಹೆಜ್ಜೆ ಹೋಗಿ, ಬೈದು, ವಾಪಸು ಬಂದು ಮತ್ತೆ ಕೈ ತೂರಿಸಿದರು. ವ್ಯಾಪಾರ ಕುದುರಿತು. ಎಷ್ಟಕ್ಕೆ ಎಂದು ಹಸುವಿಗೂ ತಿಳಿಯಲಿಲ್ಲ.

ವಾಟ್ಸಾಪ್‌ನವರು 2016ರ ಏಪ್ರಿಲ್‌ನಲ್ಲಿ ಈ ತುದಿಯಿಂದ ಆ ತುದಿಗೆ ಗೂಢಲಿಪಿ ತಂದು ಬೀಗಿದ್ದರು. ಅದು ಇಲ್ಲಿ ಎಷ್ಟೋ ಕಾಲದಿಂದ ನಾಲ್ಕು ಮೊಳ ಬಟ್ಟೆಯಲ್ಲಿ ನಡೆಯುತ್ತಿದೆ. ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿ, ಸಂದೇಶ ಮೊದಲು ಯಾರಿಂದ ಹೊರಟಿತೆಂದು ಕೇಳಿದಾಗ ಹೇಳಬೇಕು ಎಂದಿತು. ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು, 2024ರಲ್ಲಿ ಬೀಗ ಮುರಿಯಿರಿ ಎಂದರೆ ಅಂಗಡಿ ಮುಚ್ಚಿಕೊಂಡು ಹೊರಡುತ್ತೇವೆ ಎಂದಿತು. ಈ ನಿಯಮ ದನದ ಸಂತೆಗೂ ಅನ್ವಯವಾದರೆ ಮೊದಲ ಬೆರಳು ಯಾರದೆಂದು ಪತ್ತೆ ಮಾಡಬೇಕಾಗುತ್ತದೆ. ಎಲೆ ಅಡಿಕೆಯ ದಲ್ಲಾಳಿಯನ್ನು ನಾನು ಹಿಂದಿನ ದಿನವೇ ಟೀ ಅಂಗಡಿಯಲ್ಲಿ ಕಂಡಿದ್ದೆ. ನಮಗ್ಯಾಕೆ ಭಯ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದವರು ಅವರೇ.

"ಭಯ ಇಲ್ಲ ಅಂದಿರಿ, ಈ ಟವೆಲ್ ಯಾಕೆ?" ಎಂದೆ.

"ಅದು ಬೇರೆ ಸಾರ್. ಇದು ವ್ಯಾಪಾರ."

ನನ್ನ ಶಿಫಾರಸು ಅಲ್ಲೇ ಹೊಳೆಯಿತು. ಟವೆಲ್ ನಿಷೇಧಿಸಿದರೆ ಸಂಪ್ರದಾಯ ಕೆಡುತ್ತದೆ, ಬಿಟ್ಟರೆ ಭದ್ರತೆ ಕೆಡುತ್ತದೆ. ಸಮತೋಲನಕ್ಕೆ ದಾರಿ ಒಂದೇ: ಪಾರದರ್ಶಕ ಟವೆಲ್. ಕೈ ಮುಚ್ಚಿದ ಹಾಗೂ ಇರಬೇಕು, ಬೆರಳು ಕಾಣುತ್ತಲೂ ಇರಬೇಕು. ಚಿನ್ನಾಳಪಟ್ಟಿಯಲ್ಲಿ ಇನ್ನೂ ಮಗ್ಗ ಇಟ್ಟುಕೊಂಡಿರುವ ಭಾವನ ದೊಡ್ಡಪ್ಪನ ಮಕ್ಕಳು ಇಂಥದ್ದನ್ನು ನೇಯಬಲ್ಲರೇ ಎಂದು ಕೇಳಿದೆ. "ನೇಯೋದೇನು, ಸೊಳ್ಳೆಪರದೆ ಬಟ್ಟೆ ತಂದು ಅಂಚು ಹೊಲಿದರೂ ಆಯ್ತು," ಎಂದರು ಭಾವ. "ಆದ್ರೆ ಮುಂಗಡ ಬೇಕು. ಸರ್ಕಾರಿ ಆರ್ಡರಿಗೆ ಸಾಲ ಇಲ್ಲ."

ಅಷ್ಟು ಹೊತ್ತಿಗೆ ನಮ್ಮ ಸುತ್ತ ಸಂತೆಯ ಅರ್ಧ ಜನ ಸೇರಿದ್ದರು. ದಲ್ಲಾಳಿ ಎಲೆ ಅಡಿಕೆ ಉಗಿದು ಬಂದು, ಇಷ್ಟೆಲ್ಲ ಕೇಳಿದ್ದೀರಿ, ನಾನೊಂದು ಕೇಳಲಾ ಎಂದರು. ಕೇಳಿ ಎಂದೆ.

"ಈ ವರದಿ ಬರೆಯೋಕೆ ನಿಮಗೆ ಎಷ್ಟು ಕೊಡ್ತಾರೆ ಸಾರ್?"

ತಜ್ಞರ ಸಂಭಾವನೆ ಗೋಪ್ಯ ವಿಷಯ, ಅದನ್ನು ಹೀಗೆ ಬಹಿರಂಗವಾಗಿ ಹೇಳುವ ಪದ್ಧತಿಯಿಲ್ಲ ಎಂದು ವಿವರಿಸಿದೆ. ಅವರು ಅರ್ಥವಾಯಿತು ಎಂಬಂತೆ ತಲೆಯಾಡಿಸಿ, ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಕೈ ಮುಂದೆ ಚಾಚಿದರು. ಕೈ ಕೊಟ್ಟೆ. ಟವೆಲ್ ಮುಚ್ಚಿದರು. ಯಾರಿಗೂ ಕಾಣದಂತೆ, ಭಾವನಿಗೂ ತಿಳಿಯದಂತೆ, ಅವರ ಎರಡು ಬೆರಳನ್ನು ಹಿಡಿದು ಮೆಲ್ಲಗೆ ಒತ್ತಿದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಇಡೀ ಸಂತೆಗೆ ಕೇಳುವಂತೆ, "ನೂರಾ, ಸಾವಿರಾ?" ಎಂದರು.